ಅಪ್ಪನ ರೇಡಿಯೊಗೆ ಎಸಿ128 ಎಲ್ಲಿಂದ ತರೋದು?

ಪ್ರಶ್ನೆ: ನಮ್ಮ ತಂದೆ 1970ರ ದಶಕದ ಮೊದಲಲ್ಲಿ ಕೊಂಡ ಮೂರು ಬ್ಯಾಂಡಿನ ರೇಡಿಯೊ ಮನೆಯಲ್ಲಿದೆ. ಆರು ಸೆಲ್ಲಿನದು, 9 ವೋಲ್ಟ್. ಒಳಗೆ ಏಳು ಟ್ರಾನ್ಸಿಸ್ಟರ್: ಎಎಫ್115 ಒಂದು, ಎಎಫ್117 ಎರಡು, ಎಸಿ126 ಎರಡು, ಎಸಿ128 ಎರಡು. ಭದ್ರಾವತಿ ಸ್ಟೇಷನ್ ಒಮ್ಮೊಮ್ಮೆ ಚೆನ್ನಾಗಿ ಬರುತ್ತದೆ, ಆಮೇಲೆ ತಾನಾಗೇ ಕುಗ್ಗಿಹೋಗುತ್ತದೆ. ಪೆಟ್ಟಿಗೆ ತಟ್ಟಿದರೆ ಮತ್ತೆ ಬರುತ್ತದೆ. ಒಂದು ಎಸಿ128 ಮುಟ್ಟಲಾಗದಷ್ಟು ಕಾಯುತ್ತಿತ್ತು. ಅದು ಈಗ ಸಿಗುವುದಿಲ್ಲ ಎಂದು ಅಂಗಡಿಯವರು ಎರಡಕ್ಕೂ ಬದಲು ಬಿಸಿ558 ಹಾಕಿಕೊಟ್ಟರು. ಈಗ ಬಿಸಿಯಾಗುವುದಿಲ್ಲ, ಆದರೆ ದನಿ ಹರಿದ ಹಾಗೆ ಕೇಳುತ್ತದೆ. ಹಳೇ ನಂಬರಿಗೆ ಹೊಸ ನಂಬರ್ ತೋರಿಸುವ ಪಟ್ಟಿ ಏನಾದರೂ ಇದೆಯೇ? — ತೀರ್ಥಹಳ್ಳಿಯ ಓದುಗರು

ಉತ್ತರ: ಪಟ್ಟಿಗಳು ಬೇಕಾದಷ್ಟಿವೆ. ನನ್ನ ಮೇಜಿನ ಮೇಲೂ ಮೂರು ಹಳೇ ‘ಈಕ್ವಿವಲೆಂಟ್’ ಪುಸ್ತಕಗಳಿವೆ, ರಟ್ಟು ಕಿತ್ತುಹೋಗಿವೆ. ನಿಮ್ಮ ಅಂಗಡಿಯವರೂ ಬಹುಶಃ ಅಂಥದ್ದೇ ಒಂದನ್ನು ನೋಡಿ ಕೊಟ್ಟಿರಬೇಕು. ಟ್ರಾನ್ಸಿಸ್ಟರಿನಲ್ಲಿ ಪಿಎನ್‌ಪಿ, ಎನ್‌ಪಿಎನ್ ಅಂತ ಎರಡು ಜಾತಿ, ಕರೆಂಟು ಹರಿಯುವ ದಿಕ್ಕು ಒಂದಕ್ಕೊಂದು ಉಲ್ಟಾ. ಎಸಿ128 ಪಿಎನ್‌ಪಿ, ಬಿಸಿ558 ಕೂಡ ಪಿಎನ್‌ಪಿ. 9 ವೋಲ್ಟಿನ ಸೆಟ್ಟಿಗೆ ವೋಲ್ಟೇಜೂ ಧಾರಾಳ ಸಾಲುತ್ತದೆ. ಅಷ್ಟು ಹೊಂದಿದರೆ ಸಾಕು ಅನ್ನಿಸುವುದು ಸಹಜ. ಆದರೆ ಆ ಟ್ರಾನ್ಸಿಸ್ಟರ್ ಆ ಜಾಗದಲ್ಲಿ ಕೂತು ಏನು ಕೆಲಸ ಮಾಡುತ್ತಿದೆ ಅನ್ನುವುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ನಿಮ್ಮ ರೇಡಿಯೊದಲ್ಲಿ ಎಡವಟ್ಟಾಗಿರುವುದು ಅಲ್ಲೇ.

ಮೊದಲು ಹರಿದ ದನಿಯ ವಿಷಯ ನೋಡೋಣ. ಎಸಿ128 ಜರ್ಮೇನಿಯಂ ಎಂಬ ಧಾತುವಿನಿಂದ ಮಾಡಿದ ಟ್ರಾನ್ಸಿಸ್ಟರ್. ಟ್ರಾನ್ಸಿಸ್ಟರಿಗೆ ಮೂರು ಕಾಲು: ಎಮಿಟರ್, ಬೇಸ್, ಕಲೆಕ್ಟರ್. ಬೇಸಿಗೂ ಎಮಿಟರಿಗೂ ನಡುವೆ 0.1–0.2 ವೋಲ್ಟ್ ಕೊಟ್ಟರೆ ಅದು ಕಣ್ಣು ಬಿಡುತ್ತದೆ. ಸಿಲಿಕಾನ್ ಆದ ಬಿಸಿ558ಕ್ಕೆ 0.6 ವೋಲ್ಟ್ ಬೇಕು. ನಿಮ್ಮ ಸೆಟ್ಟಿನಲ್ಲಿ ಸ್ಪೀಕರನ್ನು ನಡೆಸುವ ಕೊನೆಯ ಘಟ್ಟದಲ್ಲಿ ಈ ಎರಡು ಟ್ರಾನ್ಸಿಸ್ಟರ್ ಪಾಳಿಯ ಮೇಲೆ ದುಡಿಯುತ್ತವೆ. ದನಿಯ ಅಲೆಯ ಒಂದು ಅರ್ಧವನ್ನು ಒಂದು ಎಳೆದರೆ, ಇನ್ನರ್ಧವನ್ನು ಇನ್ನೊಂದು ಎಳೆಯುತ್ತದೆ. ಒಂದು ಬಿಟ್ಟ ಕೂಡಲೇ ಇನ್ನೊಂದು ಹಿಡಿಯಬೇಕು, ಅದಕ್ಕಾಗಿ ಎರಡನ್ನೂ ಸ್ವಲ್ಪ ಎಚ್ಚರದಲ್ಲೇ ಇಟ್ಟಿರುತ್ತಾರೆ. ಆ ಎಚ್ಚರಕ್ಕೆ ಕೊಟ್ಟಿರುವುದು ಜರ್ಮೇನಿಯಂಗೆ ಸಾಕಾಗುವಷ್ಟು ವೋಲ್ಟೇಜು ಮಾತ್ರ. ಅಷ್ಟರಲ್ಲಿ ಸಿಲಿಕಾನ್ ನಿದ್ದೆಯಲ್ಲೇ ಇರುತ್ತದೆ. ಅಲೆ ದೊಡ್ಡದಾದಾಗ ಮಾತ್ರ ಏಳುತ್ತದೆ. ಹಾಗಾಗಿ ಪ್ರತಿ ಅಲೆಯ ನಡುವೆ ಒಂದು ಕಂದಕ ಬೀಳುತ್ತದೆ. ವಾಲ್ಯೂಮ್ ಕಡಿಮೆ ಇಟ್ಟಾಗ ದನಿ ಇನ್ನೂ ಜಾಸ್ತಿ ಹರಿದಂತೆ ಕೇಳುತ್ತದೆ, ಅಲ್ವಾ? ಗಮನಿಸಿ ನೋಡಿ.

ಎರಡನೇ ತೊಡಕು ಕರೆಂಟಿನದು. ಎಸಿ128 ಒಂದು ಆಂಪಿಯರ್ ತನಕ ತಡೆಯುತ್ತದೆ. ಬಿಸಿ558ರ ಮಿತಿ 100 ಮಿಲಿಆಂಪಿಯರ್. ಹೆಸರಿನಲ್ಲೇ ಬಿಸಿ ಇದ್ದರೂ ಈ ಜಾಗದ ಭಾರ ಅದಕ್ಕೆ ಜಾಸ್ತಿ. ಜೋರಾಗಿ ಹಾಡು ಹಾಕಿದರೆ ಒಂದು ದಿನ ಸುಟ್ಟುಕೊಳ್ಳುತ್ತದೆ.

ತೆಗೆದ ಎಸಿ128ಗಳನ್ನು ಎಸೆದಿಲ್ಲ ತಾನೆ? ಇಟ್ಟುಕೊಂಡಿರಿ. ಎರಡರಲ್ಲಿ ಒಂದು ಮಾತ್ರ ಕಾಯುತ್ತಿತ್ತು ಅಂದಿದ್ದೀರಿ. ಇದು ಒಳ್ಳೇ ಸುಳಿವು. ಈ ಬಗೆಯ ಸೆಟ್ಟಿನಲ್ಲಿ ಎರಡಕ್ಕೂ ಬಯಸ್, ಅಂದರೆ ಎಚ್ಚರದಲ್ಲಿಡುವ ಆ ವೋಲ್ಟೇಜು, ಒಂದೇ ಕಡೆಯಿಂದ ಬರುತ್ತದೆ. ಬಯಸ್ ಕೆಟ್ಟಿದ್ದರೆ, ಅಂದರೆ ಬಿಸಿ ನೋಡಿಕೊಂಡು ಬಯಸ್ ಇಳಿಸುವ ಪುಟ್ಟ ಥರ್ಮಿಸ್ಟರ್ ಕಡಿದುಹೋಗಿದ್ದರೆ, ಎರಡೂ ಕಾಯಬೇಕಿತ್ತು. ಒಂದೇ ಕಾದಿದೆ ಅಂದರೆ ಹೆಚ್ಚಾಗಿ ಆ ಒಂದು ಟ್ರಾನ್ಸಿಸ್ಟರಿನಲ್ಲೇ ಸೋರಿಕೆ ಇದೆ, ಅಂದರೆ ಬೇಡದಾಗಲೂ ಕರೆಂಟು ಹರಿಯುತ್ತಿದೆ. ಜರ್ಮೇನಿಯಂನ ಕಾಯಿಲೆಯೇ ಅದು. ಬಿಸಿ ಏರಿದಷ್ಟೂ ಸೋರಿಕೆ ಏರುತ್ತದೆ, ಸೋರಿಕೆ ಏರಿದಷ್ಟೂ ಬಿಸಿ ಏರುತ್ತದೆ. ಇದೇ ಸುತ್ತು ಸುತ್ತಿ ಕೊನೆಗೆ ಸಾಯುತ್ತದೆ.

ಸೋರಿಕೆ ಅಳೆಯೋದಕ್ಕೆ ದೊಡ್ಡ ಉಪಕರಣ ಏನೂ ಬೇಡ. 9 ವೋಲ್ಟಿನ ಬ್ಯಾಟರಿ, ಒಂದು 1ಕೆ (1000 ಓಮ್ಸಿನ) ರೆಸಿಸ್ಟರ್, ಒಂದು ಮೀಟರು ಸಾಕು. ಎಮಿಟರನ್ನು ಬ್ಯಾಟರಿಯ ಪ್ಲಸ್ಸಿಗೆ ಹಾಕಿ. ಕಲೆಕ್ಟರನ್ನು 1ಕೆ ಮೂಲಕ ಮೈನಸ್ಸಿಗೆ ಹಾಕಿ. ಬೇಸ್ ಕಾಲನ್ನು ಗಾಳಿಯಲ್ಲಿ ಬಿಡಿ. ಈಗ ರೆಸಿಸ್ಟರಿನ ಎರಡು ತುದಿಗಳ ನಡುವೆ ವೋಲ್ಟೇಜು ನೋಡಿ. ಒಂದು ವೋಲ್ಟ್ ಬಂದರೆ ಒಂದು ಮಿಲಿಆಂಪಿಯರ್ ಸೋರುತ್ತಿದೆ ಎಂದರ್ಥ. ಅರ್ಧ ವೋಲ್ಟಿನ ಒಳಗಿದ್ದರೆ ಆ ಟ್ರಾನ್ಸಿಸ್ಟರ್ ಚೆನ್ನಾಗಿದೆ. ಎರಡು ಮೂರು ವೋಲ್ಟ್ ತೋರಿಸಿ ಇನ್ನೂ ಏರುತ್ತಲೇ ಇದ್ದರೆ ಗುಜರಿಗೆ ಹಾಕಿ. ಬೆರಳಲ್ಲಿ ಹಿಡಿದುಕೊಂಡು ಅಳೆಯಬೇಡಿ. ಮೈಶಾಖಕ್ಕೇ ಮುಳ್ಳು ಏರುತ್ತದೆ. ಬೆಸುಗೆ ಬಿಚ್ಚಿದ ಕೂಡಲೇ ಅಳೆಯುವುದೂ ತಪ್ಪು, ಹತ್ತು ನಿಮಿಷ ಆರಲು ಬಿಡಿ.

ಈಗ ಬದಲಿ. ನನ್ನನ್ನು ಕೇಳಿದರೆ ಕೊನೆಯ ಘಟ್ಟಕ್ಕೆ ಜರ್ಮೇನಿಯಂಅನ್ನೇ ಹುಡುಕಿ. ಎಸಿ128 ಅಂತ ಮಾತ್ರ ಕೇಳಬೇಡಿ. ಎಸಿ188 ಇದ್ದರೆ ಅದು ಇಲ್ಲಿಗೆ ಹೇಳಿಮಾಡಿಸಿದ್ದು. ಹಳೇ ಜಪಾನ್ ಸೆಟ್ಟುಗಳ ಕೊನೆಯ ಘಟ್ಟದ 2ಎಸ್‌ಬಿ ಸಾಲಿನ ಜರ್ಮೇನಿಯಂಗಳೂ ಆಗುತ್ತವೆ. ರಷ್ಯಾದ ಜಿಟಿ402 ಕೂಡ ಈ ಕೆಲಸಕ್ಕೆ ಒಗ್ಗುತ್ತದೆ. ಯಾವುದೇ ಆಗಲಿ, ಎರಡನ್ನೂ ಒಟ್ಟಿಗೆ ಬದಲಾಯಿಸಿ. ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದನ್ನು, ಅಳೆದು ಹತ್ತಿರ ಹತ್ತಿರ ಇರುವ ಜೋಡಿ ಆರಿಸಿ. ಎತ್ತು ಒಂದು ದೊಡ್ಡದು ಒಂದು ಸಣ್ಣದು ಕಟ್ಟಿದರೆ ಗಾಡಿ ಒಂದೇ ಕಡೆಗೆ ಎಳೆಯುತ್ತದಲ್ಲ, ಹಾಗೆ.

ಜರ್ಮೇನಿಯಂ ಸಿಗಲೇ ಇಲ್ಲ ಅಂದರೆ ಸಿಲಿಕಾನ್ ಹಾಕಬಹುದು. ಆದರೆ ಬಿಸಿ558 ಬೇಡ, ಬಿಸಿ327 ಹಾಕಿ. ಅರ್ಧ ಆಂಪಿಯರ್ ತನಕ ಅದಕ್ಕೆ ತಾಕತ್ತಿದೆ. ಜೊತೆಗೆ ಬಯಸನ್ನೂ ತಿದ್ದಲೇಬೇಕು. ಥರ್ಮಿಸ್ಟರ್ ಮತ್ತು ಅದರ ಜೊತೆಯ ರೆಸಿಸ್ಟರ್ ತೆಗೆದು, ಆ ಜಾಗದಲ್ಲಿ ಒಂದು 1ಎನ್4148 ಡಯೋಡ್ ಕೂರಿಸಿ. ಡಯೋಡಿನ ಮೇಲೆ ಬೀಳುವ 0.6 ವೋಲ್ಟೇ ಈಗ ಟ್ರಾನ್ಸಿಸ್ಟರುಗಳನ್ನು ಎಚ್ಚರದಲ್ಲಿಡುತ್ತದೆ. ಡಯೋಡನ್ನು ಒಂದು ಟ್ರಾನ್ಸಿಸ್ಟರಿಗೆ ಅಂಟಿಕೊಂಡಂತೆ ಇಡಿ. ಟ್ರಾನ್ಸಿಸ್ಟರ್ ಕಾದಾಗ ಡಯೋಡೂ ಕಾದು ಬಯಸ್ ತಾನಾಗೇ ಇಳಿಯುತ್ತದೆ. ದನಿ ಇಲ್ಲದಾಗ ಈ ಎರಡೂ ಸೇರಿ ಕೆಲವೇ ಮಿಲಿಆಂಪಿಯರ್ ಎಳೆಯಬೇಕು. ಇಪ್ಪತ್ತು ಮೂವತ್ತು ದಾಟಿದರೆ ತಕ್ಷಣ ಆಫ್ ಮಾಡಿ, ಡಯೋಡಿಗೆ ಕರೆಂಟ್ ಕೊಡುವ ರೆಸಿಸ್ಟರನ್ನು ದೊಡ್ಡದು ಮಾಡಿ.

ಇಷ್ಟೆಲ್ಲ ಎಸಿ128ರ ಕಥೆ. ಆದರೆ ನಿಮ್ಮ ರೇಡಿಯೊದ ನಿಜವಾದ ಕಾಯಿಲೆ ಬೇರೆ ಕಡೆ ಇದೆ ಅನ್ನುವುದು ನನ್ನ ಗುಮಾನಿ. ಸ್ಟೇಷನ್ ಕುಗ್ಗುವುದು, ತಟ್ಟಿದರೆ ಬರುವುದು, ಇದು ಎಎಫ್117ರ ಹಣೆಬರಹ.

ಅದನ್ನು ತೆಗೆದು ನೋಡಿ. ನಾಲ್ಕು ಕಾಲಿನ ಎತ್ತರದ ಲೋಹದ ಡಬ್ಬಿ. ಮೂರು ಕಾಲು ಎಲ್ಲ ಟ್ರಾನ್ಸಿಸ್ಟರಿನ ಹಾಗೆ, ನಾಲ್ಕನೆಯದು ಡಬ್ಬಿಗೆ ಸೇರಿದ ಷೀಲ್ಡ್. ಈ ಡಬ್ಬಿಯ ಒಳಮೈಗೆ ತವರ ಬಳಿದಿರುತ್ತದೆ. ವರ್ಷಗಳು ಕಳೆದ ಹಾಗೆ ಆ ತವರದಿಂದ ಕೂದಲಿಗಿಂತ ಸಣ್ಣ ಎಳೆಗಳು ತಮ್ಮಷ್ಟಕ್ಕೆ ಬೆಳೆಯುತ್ತವೆ. ಬೆಳೆದು ಒಳಗಿನ ಟ್ರಾನ್ಸಿಸ್ಟರಿಗೆ ತಾಗುತ್ತವೆ. ಷೀಲ್ಡ್ ಕಾಲು ಸೆಟ್ಟಿನ ನೆಲಕ್ಕೆ (ಗ್ರೌಂಡಿಗೆ) ಸೇರಿರುತ್ತದಲ್ಲ, ಹಾಗಾಗಿ ಎಳೆ ತಾಗಿದ ಕೂಡಲೇ ಸಿಗ್ನಲ್ ನೆಲ ಕಚ್ಚುತ್ತದೆ. ತಟ್ಟಿದಾಗ ಎಳೆ ಅಲುಗಿ ಬಿಡುತ್ತದೆ, ಆಮೇಲೆ ಮತ್ತೆ ತಾಗುತ್ತದೆ. ಎಎಫ್114ರಿಂದ 117ರ ತನಕ ನಾಲ್ಕೂ ಅಣ್ಣತಮ್ಮಂದಿರಿಗೆ ಇದೇ ರೋಗ. ಅಂದರೆ ನಿಮ್ಮ ಎಎಫ್115ಕ್ಕೂ ಬಿಟ್ಟಿದ್ದಲ್ಲ.

ಟ್ರಾನ್ಸಿಸ್ಟರನ್ನು ಬೋರ್ಡಿನಿಂದ ಬಿಚ್ಚಿ, ಷೀಲ್ಡ್ ಕಾಲಿಗೂ ಉಳಿದ ಮೂರು ಕಾಲಿಗೂ ನಡುವೆ ಮೀಟರಿನಲ್ಲಿ ಓಮ್ಸ್ ನೋಡಿ. ಏನೂ ತೋರಿಸಬಾರದು. ತೋರಿಸಿದರೆ ಎಳೆ ತಾಗಿದೆ. ಮದ್ದು ಬಹಳ ಸುಲಭ: ಷೀಲ್ಡ್ ಕಾಲನ್ನು ಕತ್ತರಿಸಿ ಹಾಗೇ ಬಿಟ್ಟುಬಿಡಿ. ಎಳೆ ತಾಗಿದ್ದರೂ ಡಬ್ಬಿ ಈಗ ನೆಲಕ್ಕೆ ಸೇರಿಲ್ಲ, ಹಾಗಾಗಿ ತೊಂದರೆ ಇಲ್ಲ. ಎಷ್ಟೋ ಸೆಟ್ಟುಗಳು ಇಷ್ಟಕ್ಕೇ ಎದ್ದು ಕೂತಿವೆ. ಒಂದು ರೂಪಾಯಿ ಖರ್ಚಿಲ್ಲ. ಎರಡು ಕಾಲುಗಳಿಗೆ ಬೇರೆ ಬೇರೆ ಎಳೆ ತಾಗಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಡಬ್ಬಿಯ ಮೂಲಕ ಆ ಎರಡು ಕಾಲು ತಮ್ಮತಮ್ಮಲ್ಲೇ ಷಾರ್ಟ್ ಆಗಿರುತ್ತವೆ. ಕೆಲವರು ಚಾರ್ಜ್ ಮಾಡಿದ ಕೆಪಾಸಿಟರನ್ನು ಷೀಲ್ಡಿಗೂ ಒಟ್ಟಿಗೆ ಕಟ್ಟಿದ ಮೂರು ಕಾಲಿಗೂ ತಾಗಿಸಿ ಎಳೆಯನ್ನು ಸುಡುತ್ತಾರೆ. ನಾನು ಅದನ್ನು ಕೊನೆಯ ದಾರಿಯಾಗಿ ಮಾತ್ರ ಮಾಡುತ್ತೇನೆ. ಸುಟ್ಟ ಮೇಲೂ ಮತ್ತೆ ಬೆಳೆಯುತ್ತದೆ.

ಬದಲಿ ಹಾಕಲೇಬೇಕಾದರೆ ಎಎಫ್117ಕ್ಕೆ ಎಎಫ್127, ಎಎಫ್115ಕ್ಕೆ ಎಎಫ್125. ಡಬ್ಬಿ ಗಿಡ್ಡ, ಕೆಲಸ ಅದೇ, ಕಾಲೂ ನಾಲ್ಕೇ. ಇವೂ ಹಳೇ ಮಾಲೇ, ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಐಎಫ್ ಘಟ್ಟಕ್ಕೆ, ಅಂದರೆ ಎಎಫ್117ಗಳು ಕೂತು ಸ್ಟೇಷನ್ನಿನ ಸಿಗ್ನಲ್ ಹಿಗ್ಗಿಸುವ ಜಾಗಕ್ಕೆ, ಸಿಲಿಕಾನ್ ಪಿಎನ್‌ಪಿ ಹಾಕಬಹುದು. 2ಎನ್3906 ಧಾರಾಳವಾಗಿ ಸಿಗುತ್ತದೆ. ಆಶ್ಚರ್ಯ ಅನ್ನಿಸಬಹುದು, ಅಂಗಡಿಯವರು ಕೊಟ್ಟ ಬಿಸಿ558 ಕೂಡ ಇಲ್ಲಿಗೆ ಆದೀತು. ಕೊನೆಯ ಘಟ್ಟದಲ್ಲಿ ಸೋತದ್ದು ಇಲ್ಲಿ ಗೆಲ್ಲುತ್ತದೆ. ಇಲ್ಲಿ ಕರೆಂಟು ಒಂದು ಮಿಲಿಆಂಪಿಯರಿನ ಆಸುಪಾಸು ಅಷ್ಟೇ.

ಬಯಸ್ ಮಾತ್ರ ಇಲ್ಲಿಯೂ ತಿದ್ದಬೇಕು. ಒಂದು ಲೆಕ್ಕ ಹೇಳುತ್ತೇನೆ. ಎಮಿಟರಿನಲ್ಲಿ 1ಕೆ ರೆಸಿಸ್ಟರ್ ಇದೆ, ಅದರ ಮೇಲೆ ಸುಮಾರು ಒಂದು ವೋಲ್ಟ್ ಇದೆ ಅಂದುಕೊಳ್ಳಿ. ಜರ್ಮೇನಿಯಂಗೆ ಬೇಸಿನಲ್ಲಿ 1.2 ವೋಲ್ಟ್ ಸಾಕು. 9 ವೋಲ್ಟನ್ನು 68ಕೆ ಮತ್ತು 10ಕೆ ರೆಸಿಸ್ಟರುಗಳು ಹಂಚಿಕೊಂಡರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಸಿಲಿಕಾನಿಗೆ 1.6 ವೋಲ್ಟ್ ಬೇಕು. 68ಕೆ ತೆಗೆದು 47ಕೆ ಹಾಕಿದರೆ ಮುಗಿಯಿತು. ನಿಮ್ಮ ಸೆಟ್ಟಿನ ಬೆಲೆಗಳು ಬೇರೆ ಇರಬಹುದು, ದಾರಿ ಇದೇ. ಬದಲಿ ಹಾಕುವ ಮೊದಲು ಎಮಿಟರಿನ ವೋಲ್ಟೇಜು ಬರೆದಿಟ್ಟುಕೊಳ್ಳಿ, ಹಾಕಿದ ಮೇಲೆ ಅಷ್ಟೇ ಬರುವ ಹಾಗೆ ಮಾಡಿ. ಕುಂಯ್ ಅಂತ ಸಿಳ್ಳೆ ಹೊಡೆದರೆ ಹೊಸ ಟ್ರಾನ್ಸಿಸ್ಟರ್ ಆ ಜಾಗಕ್ಕೆ ಬೇಕಾದ್ದಕ್ಕಿಂತ ಚುರುಕಾಗಿದೆ ಎಂದರ್ಥ. ಬೇಸಿಗೆ ಹತ್ತಿರ 100 ಓಮ್ಸಿನ ರೆಸಿಸ್ಟರ್ ಸರಣಿಯಲ್ಲಿ ಹಾಕಿ ನೋಡಿ.

ಇನ್ನೊಂದು ಗುಟ್ಟು. ಎರಡು ಎಎಫ್117ಗಳಲ್ಲಿ ಮೊದಲನೆಯದರ ಬಯಸ್ ಸ್ಟೇಷನ್ನಿನ ಬಲ ನೋಡಿಕೊಂಡು ಏರಿಳಿಯುತ್ತದೆ. ಹತ್ತಿರದ ಸ್ಟೇಷನ್ ಕಿರುಚಬಾರದು, ದೂರದ್ದು ಮುಳುಗಬಾರದು ಅಂತ ಮಾಡಿದ ಏರ್ಪಾಡು ಅದು. ಅಲ್ಲಿಗೆ ಸಿಲಿಕಾನ್ ಹಾಕಿದರೆ ಹೊಂದಿಸೋದು ತಲೆನೋವು. ಎರಡನೇ ಎಎಫ್117 ಚೆನ್ನಾಗಿದ್ದರೆ ಅದನ್ನು ಕಿತ್ತು ಮೊದಲನೇ ಜಾಗಕ್ಕೆ ಹಾಕಿ. ಸಿಲಿಕಾನನ್ನು ಎರಡನೇ ಜಾಗಕ್ಕೆ ಕೂರಿಸಿ. ಎಎಫ್115ರ ಜಾಗಕ್ಕಂತೂ ಸಿಲಿಕಾನ್ ಹಾಕುವ ಪ್ರಯೋಗ ಬೇಡ. ಶಾರ್ಟ್‌ವೇವ್ ಬ್ಯಾಂಡಿನ ಹೊಂದಾಣಿಕೆ ಪೂರಾ ಕದಡುತ್ತದೆ.

ಕಾಲುಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಇಲ್ಲಿ ಕೈ ಸುಟ್ಟುಕೊಳ್ಳದ ಮೆಕ್ಯಾನಿಕ್ಕೇ ಇಲ್ಲ. ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲು ಕೆಳಗಿದ್ದರೆ, ಬಿಸಿ547, 557 ಸಾಲಿನಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904, 3906ರಲ್ಲಿ ಅದು ತಿರುಗಾಮುರುಗಾ: ಎಮಿಟರ್, ಬೇಸ್, ಕಲೆಕ್ಟರ್. ಜಪಾನಿನ ಸಿ1815ರಲ್ಲಿ ನಡುವೆ ಇರುವುದು ಕಲೆಕ್ಟರ್. ಬಿಎಫ್494ರಲ್ಲಿ ನಡುವೆ ಎಮಿಟರ್. ನೋಡೋದಕ್ಕೆ ನಾಲ್ಕೂ ಒಂದೇ ಅಚ್ಚು. ಒಮ್ಮೆ ನಾನು ಗಿರಾಕಿ ಎದುರಿಗೇ ಟೇಪ್‌ರೆಕಾರ್ಡರಿಗೆ ಸಿ1815ರ ಬದಲು ಬಿಸಿ547 ಹಾಕಿ, ಕಾಲು ತಿರುಗಿಸೋದನ್ನು ಮರೆತೆ. ಗೇನ್ ಇಲ್ಲದೆ ಪಿಸುಗುಟ್ಟುತ್ತಿತ್ತು. ಹೆಡ್ಡು ಸವೆದಿದೆ ಅಂತ ಹೇಳಿ, ಹೊಸ ಹೆಡ್ಡನ್ನೂ ಹಾಕಿ, ಮೂರು ದಿನ ಒದ್ದಾಡಿದೆ. ಹೆಡ್ಡಿನ ದುಡ್ಡು ನನ್ನ ಜೇಬಿನಿಂದಲೇ ಹೋಯಿತು.

ನಂಬರ್ ಓದೋದನ್ನು ಕಲಿತರೆ ಅರ್ಧ ಪುಸ್ತಕ ಕಲಿತ ಹಾಗೆ. ಯುರೋಪಿನ ಪದ್ಧತಿಯಲ್ಲಿ ಮೊದಲ ಅಕ್ಷರ ಎ ಅಂದರೆ ಜರ್ಮೇನಿಯಂ, ಬಿ ಅಂದರೆ ಸಿಲಿಕಾನ್. ಎರಡನೆಯದು ಸಿ ಆದರೆ ದನಿಯ ಕೆಲಸದ್ದು, ಡಿ ಆದರೆ ದನಿಯದ್ದೇ ಆದರೂ ಭಾರೀ ಶಕ್ತಿಯದ್ದು, ಎಫ್ ಆದರೆ ರೇಡಿಯೊ ಅಲೆಯದ್ದು. ಎಸಿ128, ಎಡಿ149, ಎಎಫ್117, ಬಿಎಫ್195, ಈಗ ನೀವೇ ಬಿಡಿಸಿ ನೋಡಿ. ಜಪಾನಿನಲ್ಲಿ 2ಎಸ್‌ಎ, 2ಎಸ್‌ಬಿ ಪಿಎನ್‌ಪಿ. 2ಎಸ್‌ಸಿ, 2ಎಸ್‌ಡಿ ಎನ್‌ಪಿಎನ್. ಮೈಮೇಲೆ ಜಾಗ ಇಲ್ಲದೆ 2ಎಸ್ ಬಿಟ್ಟು ಬರೀ ಸಿ1815 ಅಂತ ಬರೆದಿರುತ್ತಾರೆ. ಅಮೆರಿಕದ 2ಎನ್ ನಂಬರುಗಳಲ್ಲಿ ಇಂಥ ಸುಳಿವು ಏನೂ ಇಲ್ಲ, ಡೇಟಾಶೀಟ್ ನೋಡಲೇಬೇಕು. ಇನ್ನೂ ಹಳೇ ಸೆಟ್ಟುಗಳಲ್ಲಿ ಒಸಿ71, ಒಸಿ72 ಕಾಣುತ್ತವೆ. ಒಸಿ71 ಗಾಜಿನದು, ಮೇಲೆ ಕಪ್ಪು ಬಣ್ಣ. ಆ ಬಣ್ಣ ಕೆರೆದರೆ ಬೆಳಕು ಬಿದ್ದಾಗ ಕರೆಂಟು ಹರಿಯುತ್ತದೆ. ಹುಡುಗರಾಗಿದ್ದಾಗ ನಾವು ಹಾಗೆ ಕೆರೆದು ಆಟ ಆಡಿದ್ದೆವು. ಈಗ ಅದರ ಬೆಲೆ ನೆನೆದರೆ ಹೊಟ್ಟೆ ಉರಿಯುತ್ತದೆ.

ಕೆಪಾಸಿಟರ್, ನಮ್ಮ ಹಳಬರ ಬಾಯಲ್ಲಿ ಕಂಡೆನ್ಸರ್, ಇದಕ್ಕೆ ಬದಲಿ ಹುಡುಕೋದು ಕಷ್ಟವೇ ಅಲ್ಲ. ಹಳೇ 25 ಮೈಕ್ರೊಫ್ಯಾರಡ್‌ಗೆ ಈಗಿನ 22, 50ಕ್ಕೆ 47, 250ಕ್ಕೆ 220, 8ಕ್ಕೆ 10. ವೋಲ್ಟೇಜು ಮೊದಲಿನಷ್ಟು ಅಥವಾ ಮೇಲಿರಲಿ. ಐವತ್ತು ವರ್ಷದ ಎಲೆಕ್ಟ್ರೊಲಿಟಿಕ್‌ಗಳನ್ನು ಯೋಚನೆ ಮಾಡದೆ ಎಲ್ಲ ಬದಲಾಯಿಸಿ. ನಿಮ್ಮದು ಪಿಎನ್‌ಪಿ ಸೆಟ್ಟು, ಹಾಗಾಗಿ ನೆಲಕ್ಕೆ ಸೇರಿರುವುದು ಹೆಚ್ಚಾಗಿ ಬ್ಯಾಟರಿಯ ಪ್ಲಸ್. ‘ಮೈನಸ್ ನೆಲಕ್ಕೆ’ ಅನ್ನುವ ಅಭ್ಯಾಸಬಲದಲ್ಲಿ ಕೆಪಾಸಿಟರನ್ನು ಉಲ್ಟಾ ಹಾಕಬೇಡಿ. ಹಳೆಯದು ಹೇಗಿತ್ತೋ ಹಾಗೇ ಹಾಕಿ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ರೇಡಿಯೊ ಅಲೆಯಿಂದ ದನಿಯನ್ನು ಬೇರ್ಪಡಿಸುವ ಡಿಟೆಕ್ಟರ್ ಡಯೋಡ್ ಒಎ79 ಆಗಿದ್ದು ಚೆನ್ನಾಗಿದ್ದರೆ ಮುಟ್ಟಬೇಡಿ. ಕೆಟ್ಟಿದ್ದರೆ 1ಎನ್60 ಅಥವಾ 1ಎನ್34ಎ ಹಾಕಿ. 1ಎನ್4148 ಹಾಕಿದರೆ ದೂರದ ಸ್ಟೇಷನ್ ಮಾಯ.

ಕರೆಂಟಿನಲ್ಲಿ ನಡೆಯುವ ಸೆಟ್ಟು ರಿಪೇರಿ ಮಾಡುವ ಬೇರೆ ಓದುಗರಿಗೂ ಒಂದು ಮಾತು. 230 ವೋಲ್ಟಿನ ಲೈನಿಗೆ ಅಡ್ಡ ಇರುವ ಕೆಪಾಸಿಟರಿಗೆ ಎಕ್ಸ್2 ಎಂಬ ಸುರಕ್ಷತೆಯ ಗುರುತಿನದೇ ಹಾಕಬೇಕು. ಕರೆಂಟು ಹೆಚ್ಚಾದರೆ ಫ್ಯೂಸಿನ ಹಾಗೆ ಕಡಿದುಕೊಳ್ಳುವ ಫ್ಯೂಸಿಬಲ್ ರೆಸಿಸ್ಟರಿಗೆ ಫ್ಯೂಸಿಬಲ್ಲೇ ಆಗಬೇಕು. ಅಲ್ಲಿ ನನ್ನ ‘ಹತ್ತಿರ ಹತ್ತಿರ’ ಲೆಕ್ಕ ನಡೆಯುವುದಿಲ್ಲ.

ಎಲ್ಲಿ ಸಿಗುತ್ತೆ ಅನ್ನೋದು ಉಳಿಯಿತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಸುತ್ತಿ. ಮುಂದಿನ ಹೊಳೆಯುವ ಅಂಗಡಿಗಳಲ್ಲಿ ಕೇಳಿದರೆ ಹುಡುಗರು ನಗುತ್ತಾರೆ. ವಯಸ್ಸಾದವರು ಕೂತಿರುವ ಸಣ್ಣ ಅಂಗಡಿಗಳನ್ನು ಹುಡುಕಿ. ನಮ್ಮ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಕೆ ಶುರು ಮಾಡಿತ್ತು. ಬಿಇಎಲ್ ಗುರುತಿನ ಮಾಲು ಇನ್ನೂ ಹಳೇ ಡಬ್ಬಗಳ ತಳದಲ್ಲಿ ಸಿಕ್ಕೀತು. ಆದರೆ ನನಗೆ ಅತಿ ಹೆಚ್ಚು ಬಿಡಿಭಾಗ ಕೊಟ್ಟಿರುವುದು ಗುಜರಿಯ ಸೆಟ್ಟುಗಳು. ಕ್ಯಾಬಿನೆಟ್ ಒಡೆದ, ಸ್ಪೀಕರ್ ಹರಿದ ಅದೇ ಕಾಲದ ರೇಡಿಯೊ ಒಂದು ಸಿಕ್ಕರೆ ಐಎಫ್ ಕಾಯಿಲಿನಿಂದ ಹಿಡಿದು ಎಸಿ128ರ ತನಕ ಎಲ್ಲ ಒಂದೇ ಕಡೆ ಸಿಕ್ಕಿತು. ಎಸಿ128ಗಳೊಂದಿಗೆ ಅದರ ಲೋಹದ ಕ್ಲಿಪ್ಪನ್ನೂ ಕಿತ್ತಿಟ್ಟುಕೊಳ್ಳಿ, ಬಿಸಿ ಹೀರುವುದು ಅದೇ.

ದುಡ್ಡು ಕೊಡುವ ಮೊದಲು ಮೀಟರನ್ನು ಡಯೋಡ್ ಪರೀಕ್ಷೆಗೆ ಇಟ್ಟು ಬೇಸ್–ಎಮಿಟರ್ ನೋಡಿ. 0.2ರ ಆಸುಪಾಸು ತೋರಿಸಿದರೆ ಜರ್ಮೇನಿಯಂ. 0.6 ತೋರಿಸಿದರೆ ಮೇಲೆ ಏನು ಬರೆದಿದ್ದರೂ ಅದು ಸಿಲಿಕಾನ್, ಯಾರೋ ಹೊಸ ಮುದ್ರೆ ಒತ್ತಿದ್ದಾರೆ. ಬೆಸುಗೆ ಹಾಕುವಾಗ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಿ. ಬಿಸಿ ಇಕ್ಕಳಕ್ಕೆ ಹೋಗುತ್ತದೆ, ಟ್ರಾನ್ಸಿಸ್ಟರ್ ಬದುಕುತ್ತದೆ.

ನೀವು ಈಗ ಮಾಡಬೇಕಾದ್ದು ಇಷ್ಟು. ಬಿಸಿ558 ಎರಡನ್ನೂ ಬಿಚ್ಚಿ. ಹಳೇ ಎಸಿ128ಗಳ ಸೋರಿಕೆ ಅಳೆಯಿರಿ. ಎಲೆಕ್ಟ್ರೊಲಿಟಿಕ್ ಎಲ್ಲ ಬದಲಾಯಿಸಿ. ಎಎಫ್ ಮೂರರಲ್ಲೂ ಷೀಲ್ಡ್ ಷಾರ್ಟ್ ಇದೆಯಾ ನೋಡಿ, ಇದ್ದರೆ ಆ ಕಾಲು ಕತ್ತರಿಸಿ. ಆಮೇಲೆ ಪ್ಲಸ್ ಕಡೆಯಿಂದ ಅಳೆದ ಏಳೂ ಟ್ರಾನ್ಸಿಸ್ಟರುಗಳ ಎಮಿಟರ್ ವೋಲ್ಟೇಜು ಬರೆದು ಕಳಿಸಿ. ಥರ್ಮಿಸ್ಟರಿನ ಮೈಮೇಲಿನ ಬಣ್ಣದ ಪಟ್ಟಿಗಳನ್ನೂ ಬರೆಯಿರಿ. ಯಾವ ರೆಸಿಸ್ಟರ್ ಎಷ್ಟಾಗಬೇಕು ಅನ್ನೋದನ್ನು ಆಗ ಕೂತು ಲೆಕ್ಕ ಹಾಕೋಣ.